ಶೂ ಒಳಗಿನ ಕಾಗದ

ಕ್ಯಾನ್ಸರ್ ಹೋಗಿದೆ ಎಂದು ಡಾಕ್ಟರು ಹೇಳಿದ ದಿನ ಅವಳ ಗಂಡ ಆಸ್ಪತ್ರೆಯ ಕಾರಿಡಾರಿನಲ್ಲಿ ಸಿಕ್ಕ ಸಿಕ್ಕವರ ಕೈ ಕುಲುಕಿದ. ನರ್ಸುಗಳ ಕೈ, ಔಷಧಿ ಕೊಡುವವನ ಕೈ, ಕೊನೆಗೆ ನೆಲ ಒರೆಸುತ್ತಿದ್ದವನ ಒದ್ದೆ ಕೈಯನ್ನೂ ಬಿಡಲಿಲ್ಲ. ಗಂಡನ ಅಕ್ಕ ಫೋನಿನಲ್ಲೇ ಗೊಳೋ ಎಂದು ಅತ್ತಳು. ಅವಳು ಮಾತ್ರ ಬೆಂಚಿನ ಮೇಲೆ ಕೂತು ಕೈಚೀಲದ ಜಿಪ್ಪನ್ನು ಎಳೆಯುತ್ತ, ಬಿಡುತ್ತ, ಮತ್ತೆ ಎಳೆಯುತ್ತ ಇದ್ದಳು. ಈಗ ಸಂತೋಷ ಆಗಬೇಕು ಎಂದು ಅವಳಿಗೂ ಗೊತ್ತಿತ್ತು. ಆಗಲಿಲ್ಲ. ದುಃಖವೂ ಆಗಲಿಲ್ಲ. ಯಾರದೋ ಮನೆಯ ಸುದ್ದಿ ಕೇಳಿದ ಹಾಗೆ ಹೂಂ ಎಂದಳು.

ಪಾದಗಳದ್ದೂ ಅದೇ ಕಥೆಯಾಗಿತ್ತು. ಎದೆಯ ಗಂಟು ತೆಗೆದ ಮೇಲೆ ತಿಂಗಳುಗಟ್ಟಲೆ ತೊಟ್ಟಿಕ್ಕಿಸಿದ ಔಷಧಿ ಕ್ಯಾನ್ಸರನ್ನು ಓಡಿಸುವಾಗ ಪಾದದ ನರಗಳನ್ನೂ ಒಂದು ಕೈ ನೋಡಿಕೊಂಡಿತ್ತು. ಬರಿಗಾಲಲ್ಲಿ ನಿಂತರೂ ದಪ್ಪ ಕಾಲುಚೀಲ ಹಾಕಿಕೊಂಡ ಹಾಗೆ. ಬಚ್ಚಲಿನ ನೆಲ ತಣ್ಣಗಿದೆಯೋ ಬೆಚ್ಚಗಿದೆಯೋ ತಿಳಿಯದು. ಬೆರಳ ತುದಿಗಳೂ ಸ್ವಲ್ಪ ದಿನ ಹಾಗೇ ಇದ್ದವು, ಗುಂಡಿ ಹಾಕಿಕೊಳ್ಳಲು ಒದ್ದಾಡಬೇಕಿತ್ತು. ಕೈ ನಿಧಾನವಾಗಿ ಸರಿಹೋಗುತ್ತದೆ ಎಂದರು ಡಾಕ್ಟರು. ಕಾಲಿನದು ಹೇಳಲಾಗದು, ಬಂದರೂ ಬರಬಹುದು, ಬರದೆಯೂ ಇರಬಹುದು.

ಅವಳು ಶೂ ಅಂಗಡಿಯವಳು. ಬಾಗಿಲಲ್ಲಿ ಯಾರಾದರೂ ಕಾಣಿಸಿಕೊಂಡರೆ ಮುಖ ನೋಡುವ ಮೊದಲು ಕಾಲು ನೋಡಿ ನಂಬರು ಹೇಳಿಬಿಡುತ್ತಿದ್ದಳು. ಅದಕ್ಕೇ ಅಂಗಡಿಯಲ್ಲಿ ಎಲ್ಲರಿಗೂ ಅವಳು ನಂಬರಕ್ಕ. ಮಾಲೀಕರು ಅವಳಿಗಿಂತ ಎಷ್ಟೋ ದೊಡ್ಡವರು, ಅವರಿಗೂ ನಂಬರಕ್ಕನೇ. ಅಂಗಡಿಯ ಗೋಡೆಯುದ್ದಕ್ಕೂ ಚಾವಣಿ ಮುಟ್ಟುವವರೆಗೆ ಡಬ್ಬಗಳು. ಅವುಗಳ ಮುಂದೆ ಕಬ್ಬಿಣದ ಕಂಬಿಗೆ ಸಿಕ್ಕಿಸಿದ, ಗಾಲಿಯಿರುವ ಏಣಿ. ಏಣಿಯ ಮೇಲೆ ಒಂದು ಕಾಲಿಟ್ಟು, ಇನ್ನೊಂದರಿಂದ ನೆಲ ಒದ್ದು, ಈ ತುದಿಯಿಂದ ಆ ತುದಿಗೆ ಸರ್ರನೆ ಜಾರಿಕೊಂಡು ಹೋಗುವುದು ಅವಳ ಚಾಳಿ. ಅಪ್ಪ ಅಮ್ಮನ ಜೊತೆ ಬಂದ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು, ಮಾಲೀಕರು ಬೈಯುತ್ತಿದ್ದರು, ಅವಳು ಎರಡನ್ನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಆ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು, ಅದನ್ನು ತಂದವಳೂ ಅವಳೇ. ಹೊಸ ಶೂ ಆಕಾರ ಕೆಡದಿರಲಿ ಎಂದು ಕಾರ್ಖಾನೆಯವರು ಒಳಗೆ ಕಾಗದ ತುರುಕಿರುತ್ತಾರೆ. ಮೇಲಿನದು ಎಳೆದ ಕೂಡಲೇ ಬರುತ್ತದೆ. ಬೆರಳುಗಳ ಜಾಗದಲ್ಲಿ ಇನ್ನೊಂದು ಸಣ್ಣ ಉಂಡೆ ಕಲ್ಲಿನ ಹಾಗೆ ಅವಿತು ಕೂತಿರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಶೂ ಗಿರಾಕಿಯ ಕಾಲಿಗೆ ಹೋಗುವ ಮುಂಚೆ ಮಾರುವವರ ಕೈ ತುದಿಯವರೆಗೂ ಹೋಗಿ ಬರಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನದ ಪಾಠವೇ ಇದು. ಮರೆತವರಿಗೆ ಮಂಗಳಾರತಿ ತಪ್ಪುತ್ತಿರಲಿಲ್ಲ. ಕೈ ಹಾಕದೆ ಶೂ ಕೊಡೋದೂ ಒಂದೇ, ಕಣ್ಣು ಮುಚ್ಚಿಕೊಂಡು ಉಪ್ಪು ಹಾಕೋದೂ ಒಂದೇ ಎನ್ನುತ್ತಿದ್ದಳು.

ಈಗ ಅವಳಿಗೆ ಪಾಠ ಹೇಳುವ ಸರದಿ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಫಿಸಿಯೋಳದ್ದು. ತೆಳ್ಳಗಿನ, ಚುರುಕಾದ ಹೆಂಗಸು, ಸುತ್ತಿ ಬಳಸಿ ಮಾತಾಡುವವಳಲ್ಲ. ದಿನಾ ನಡೆಯಿರಿ, ಮೆಟ್ಟಿಲು ಹತ್ತಿಳಿಯಿರಿ, ಕಾಲಿಗೆ ತಿಳಿಯದಿದ್ದರೆ ಕಣ್ಣಿನಿಂದ ನೋಡಿಕೊಂಡು ಇಡಿ ಎಂದಳು. ಮಲಗಿದರೆ ಸುಸ್ತು ಹೆಚ್ಚುತ್ತದೆ, ನಡೆದರೆ ಇಳಿಯುತ್ತದೆ ಎಂದಳು. ಈ ಮಾತು ಮನೆಯಲ್ಲಿ ಯಾರ ತಲೆಗೂ ಇಳಿಯಲಿಲ್ಲ. ಸುಸ್ತಾದವಳನ್ನು ನಡೆಸಿ ಸುಸ್ತು ಕಳೆಯುವುದೆಂದರೆ ಹಸಿದವನಿಗೆ ಉಪವಾಸ ಮಾಡು ಅಂದ ಹಾಗಾಯಿತಲ್ಲ ಎಂದು ಗಂಡ ಗೊಣಗಿದ.

ಗಂಡ ಲಿಫ್ಟ್ ಮೆಕ್ಯಾನಿಕ್. ಊರಿನ ಅರ್ಧ ಕಟ್ಟಡಗಳ ಲಿಫ್ಟು ಅವನ ಕೈಯಲ್ಲಿ ಪಳಗಿದವು, ನಾಲ್ಕನೇ ಮಹಡಿಯಲ್ಲಿ ಅವರ ಮನೆಯಿದ್ದ ಕಟ್ಟಡದ್ದೂ ಸೇರಿ. ಕೆಟ್ಟು ನಿಂತ ಲಿಫ್ಟು ಎಂದರೆ ಅವನಿಗೆ ಮೈಮೇಲೆ ಬಂದ ಅವಮಾನ. ಅವಳು ಆಸ್ಪತ್ರೆಗೆ ಓಡಾಡಲು ಶುರು ಮಾಡಿದ ಮೇಲಂತೂ ಆ ಲಿಫ್ಟನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದ. ಬಾಗಿಲು ಕಿರುಗುಟ್ಟಿದರೆ ಎಣ್ಣೆ, ದೀಪ ಮಿಣುಕಿದರೆ ಹೊಸ ದೀಪ. ಅವಳು ಹೊರಗಿನಿಂದ ಬರುವ ಹೊತ್ತಿಗೆ ಲಿಫ್ಟನ್ನು ಕೆಳಗೇ ತಂದು ಬಾಗಿಲು ತೆಗೆದು ಹಿಡಿದು ನಿಂತಿರುತ್ತಿದ್ದ. ಅವಳ ಕಾಲು ಒಂದೇ ಒಂದು ಮೆಟ್ಟಿಲನ್ನೂ ಕಾಣದ ಹಾಗೆ ನೋಡಿಕೊಂಡ. ಅವನಿಗೆ ಗೊತ್ತಿದ್ದ ಪ್ರೀತಿ ಅದು, ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಅತ್ತಿಗೆ, ಎಂದರೆ ಗಂಡನ ಅಕ್ಕ, ತನ್ನ ಮನೆಗೆ ಬೀಗ ಹಾಕಿಕೊಂಡು ಬಂದು ಇಲ್ಲೇ ನಿಂತಿದ್ದಳು. ಅಡುಗೆಮನೆ ಅವಳ ವಶವಾಯಿತು. ನಂಬರಕ್ಕ ಲೋಟ ಎತ್ತಿದರೆ ಲೋಟ ಕಸಿದುಕೊಳ್ಳುತ್ತಿದ್ದಳು, ಕಿಟಕಿ ತೆಗೆಯಲು ಎದ್ದರೆ ತಾನೇ ಓಡುತ್ತಿದ್ದಳು. ನೋಡಲು ಬಂದವರೆಲ್ಲ ಜಾಸ್ತಿ ಓಡಾಡಬೇಡ ಎಂದು ಹೇಳಿ, ತಿಂದು, ಕುಡಿದು, ಲಿಫ್ಟಿನಲ್ಲಿ ಇಳಿದು ಹೋಗುತ್ತಿದ್ದರು. ಸಲಹೆ ಕೊಡುವವರಿಗೆ ಯಾವ ಕಾಲಕ್ಕೂ ಬರವಿಲ್ಲ. ಅವಳನ್ನು ಅಂಗೈ ಮೇಲಿಟ್ಟು ನೋಡಿಕೊಂಡರು ಎಂದು ಹೇಳುವುದಾದರೆ ಅದು ಉತ್ಪ್ರೇಕ್ಷೆಯಲ್ಲ. ಆದರೆ ಅಂಗೈ ಮೇಲಿರುವವಳು ನಡೆಯುವುದೆಲ್ಲಿ?

ಫಿಸಿಯೋಳ ಒತ್ತಾಯಕ್ಕೆ ಒಮ್ಮೆ ಉದ್ಯಾನದ ನಡಿಗೆ ಗುಂಪಿಗೂ ಹೋಗಿ ಬಂದಿದ್ದಳು. ಅವಳ ಹಾಗೆಯೇ ಕಾಯಿಲೆಯಿಂದ ಎದ್ದವರ ಗುಂಪು. ಎಲ್ಲರೂ ಒಂದೇ ಬಣ್ಣದ ಅಂಗಿ ತೊಟ್ಟಿದ್ದರು, ಬೆನ್ನಿನ ಮೇಲೆ ‘ನಾವು ಗೆದ್ದವರು’ ಎಂದು ಬರೆದಿತ್ತು. ನಡೆಯುವ ಮೊದಲು ಚಪ್ಪಾಳೆ, ನಡೆದ ಮೇಲೆ ಚಪ್ಪಾಳೆ, ನಡುವೆ ಎಲ್ಲರೂ ಸೇರಿ ಜೋರಾಗಿ ನಗುವುದು. ಅವರು ಒಳ್ಳೆಯವರೇ, ಕೆಲವರಿಗೆ ಆ ನಗು ನಿಜಕ್ಕೂ ಒಳಗಿಂದ ಬರುತ್ತಿತ್ತು. ಅವಳಿಗೆ ಬರಲಿಲ್ಲ. ಯಾರನ್ನು ಗೆದ್ದೆ, ಯಾವಾಗ ಗೆದ್ದೆ ಎಂದೇ ಗೊತ್ತಿಲ್ಲದವಳು ಅಂಗಿ ಹೇಗೆ ತೊಡುವುದು? ಮರುದಿನದಿಂದ ಹೋಗಲಿಲ್ಲ. ಯಾರೂ ಏಕೆ ಎಂದು ಕೇಳಲೂ ಇಲ್ಲ.

ಅಂಥದ್ದರಲ್ಲಿ ಮಾಲೀಕರು ಒಂದು ಜೊತೆ ಹೊಸ ನಡಿಗೆಯ ಶೂ ಕಳಿಸಿದರು. ಬಿಳಿ, ಪಕ್ಕದಲ್ಲಿ ನೀಲಿ ಗೆರೆ, ಅವಳದೇ ನಂಬರು. ಡಬ್ಬ ಮಂಚದ ಕೆಳಗೆ ಬಹಳ ದಿನ ಕೂತಿತ್ತು. ಒಂದು ಬೆಳಿಗ್ಗೆ ಗಂಡ ಎಲ್ಲೋ ಸಿಕ್ಕಿಕೊಂಡ ಲಿಫ್ಟು ಬಿಡಿಸಲು ಓಡಿದ್ದ, ಅತ್ತಿಗೆ ಸ್ನಾನಕ್ಕೆ ಹೋಗಿದ್ದಳು. ಏನನ್ನಿಸಿತೋ, ಡಬ್ಬ ಎಳೆದಳು. ಶೂ ಒಳಗಿನ ಕಾಗದ ಎಳೆದು ಬಿಸಾಡಿ, ಕಾಲು ತೂರಿಸಿ, ಅತ್ತಿಗೆಯ ಬಚ್ಚಲಿನ ನೀರು ನಿಲ್ಲುವುದರೊಳಗೆ ಕಾಲಿಗೆ ಬುದ್ಧಿ ಹೇಳಿದಳು. ಶಾಲೆ ತಪ್ಪಿಸಿಕೊಂಡು ಹೋಗುವವರ ಹಾಗೆ.

ಉದ್ಯಾನವನ್ನು ಸುತ್ತಿದಳು, ಮತ್ತೆ ಸುತ್ತಿದಳು. ಅಂಗಡಿಗಳ ಬೀದಿಗೂ ಹೋದಳು. ಬೆವರು ಕತ್ತಿನಿಂದ ಬೆನ್ನಿಗಿಳಿಯಿತು. ಎದೆಯ ಹೊಲಿಗೆಯ ಜಾಗ ಬಿಗಿಯಿತು, ಉಸಿರು ಜೋರಾಯಿತು, ಒಂದು ಕಡೆ ನಿಂತು ಗೇಟಿನ ಸರಳು ಹಿಡಿದುಕೊಂಡು ಸುಧಾರಿಸಿಕೊಂಡಳು. ಎಷ್ಟೋ ತಿಂಗಳ ಮೇಲೆ ಮೈ ತನ್ನದು ಅನ್ನಿಸಿತು. ಇದು ಸಂತೋಷವೇ ಇರಬೇಕು ಎಂದುಕೊಂಡಳು.

ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಶೂ ಬಿಚ್ಚಿದಾಗ ಬಲಗಾಲಿನ ಚೀಲ ತುದಿಯಲ್ಲಿ ಕೆಂಪಗಿತ್ತು. ಮೊದಲು ಅದು ತನ್ನ ರಕ್ತ ಎಂದೇ ಹೊಳೆಯಲಿಲ್ಲ. ಚೀಲ ಸುಲಿದಳು. ಹೆಬ್ಬೆರಳಿನ ಉಗುರು ಅರ್ಧ ಎದ್ದು ನಿಂತಿತ್ತು. ಪಕ್ಕದ ಬೆರಳಿನ ಚರ್ಮ ಸುಲಿದಿತ್ತು. ಶೂವನ್ನು ತಲೆಕೆಳಗು ಮಾಡಿ ಬಡಿದಾಗ ಚಪ್ಪಟೆಯಾದ ಒಂದು ಕಾಗದದ ಉಂಡೆ ನೆಲಕ್ಕೆ ಬಿತ್ತು. ಮೇಲಿನ ಕಾಗದ ಎಳೆದಿದ್ದಳು. ತುದಿಯದನ್ನು ಮರೆತಿದ್ದಳು. ಕೈ ಹಾಕಿರಲಿಲ್ಲ.

ನೋವಿರಲಿಲ್ಲ, ಅದೇ ತಮಾಷೆ. ಉಂಡೆಯನ್ನು ನೋಡುತ್ತ ಕೂತಳು. ಊರಿಗೆಲ್ಲ ಶೂ ತೊಡಿಸಿದವಳು, ಕೈ ಹಾಕದ ಹೆಂಗಸರನ್ನು ಗಿರಾಕಿಗಳ ಮುಂದೆಯೇ ಬೈದವಳು, ತನ್ನ ಕಾಲನ್ನು ಕಾಗದಕ್ಕೆ ಕೊಟ್ಟು ಬೀದಿ ಸುತ್ತಿ ಬಂದಿದ್ದಳು, ಅದೂ ಖುಷಿಯಾಗಿ. ಬೇರೆ ಯಾರಿಗಾದರೂ ಹೀಗಾಗಿದ್ದರೆ ಅಯ್ಯೋ ಎಂದು ಹೇಳಿಕೊಂಡು ಓಡಾಡುತ್ತಿದ್ದರೇನೋ. ಅವಳಿಗೆ ನಾಚಿಕೆಯಾಯಿತು. ಬೇರೇನೂ ಆಗದ ಅವಳಿಗೆ ನಾಚಿಕೆಯೊಂದು ಸರಿಯಾಗಿಯೇ ಆಯಿತು. ಉಂಡೆಯನ್ನು ಕಸದಲ್ಲಿ ಅದುಮಿ, ಚೀಲ ತೊಳೆದು, ಶೂವನ್ನು ಮತ್ತೆ ಮಂಚದ ಕೆಳಗೆ ತಳ್ಳಿದಳು. ಕುಂಟುವುದನ್ನು ಕಂಡು ಅತ್ತಿಗೆ ಕೇಳಿದಾಗ ಬೆರಳು ಮಂಚದ ಕಾಲಿಗೆ ತಗುಲಿತು ಎಂದಳು.

ಗಂಡ ಆ ಸಂಜೆಯೇ ಕೆಲಸದ ಚೀಲದಿಂದ ರಬ್ಬರ್ ಪಟ್ಟಿ ತಂದು ಮಂಚದ ಕಾಲುಗಳಿಗೆ ಸುತ್ತಿದ. ಮೇಜಿನ ಕಾಲಿಗೆ, ಕುರ್ಚಿಗಳ ಕಾಲಿಗೆ, ಬೀರುವಿನ ಮೂಲೆಗೆ ಕೂಡ. ಮೊಣಕಾಲೂರಿಕೊಂಡು ಮನೆಯಿಡೀ ತೆವಳಿದ. ಅವಳು ಹಾಸಿಗೆಯಲ್ಲಿ ಒರಗಿಕೊಂಡು ನೋಡುತ್ತಿದ್ದಳು. ಆಗಲಾದರೂ ಹೇಳಬಹುದಿತ್ತು, ತುಟಿ ಪಿಟಕ್ಕೆನ್ನಲಿಲ್ಲ.

ಗಾಯ ಮಾಯಲು ಬಹಳ ಕಾಲ ಹಿಡಿಯಿತು. ಮಾಯ್ದ ಮೇಲೂ ಅವಳು ಹೊರಗೆ ಹೋಗಲಿಲ್ಲ. ಅದಕ್ಕೆ ಕಾರಣಗಳು ಬೇಕಾದಷ್ಟು ಸಿಗುತ್ತಿದ್ದವು. ಇವತ್ತು ಬಿಸಿಲು, ನಿನ್ನೆ ಸುಸ್ತು, ನಾಳೆ ನೋಡೋಣ. ಯಾವುದೂ ಸುಳ್ಳಲ್ಲ, ಸುಸ್ತು ನಿಜಕ್ಕೂ ಇತ್ತು, ಮಧ್ಯಾಹ್ನ ಕೈಕಾಲು ನೀರು ಕುಡಿದ ಬಟ್ಟೆಯಂತೆ ಭಾರವಾಗುತ್ತಿದ್ದವು. ಫಿಸಿಯೋಳ ಮುಂದೆ ಮಾತ್ರ ನಡೀತಾ ಇದೀನಿ ಎನ್ನುತ್ತಿದ್ದಳು. ಫಿಸಿಯೋ ಅವಳನ್ನು ಕುರ್ಚಿಯಿಂದ ಕೈ ಊರದೆ ಎದ್ದೇಳಲು ಹೇಳಿದಳು. ಮೊದಲ ಸಲಕ್ಕಿಂತ ಕಷ್ಟವಾಯಿತು. ಫಿಸಿಯೋ ಬೈಯಲಿಲ್ಲ.

“ನಿಮ್ಮನ್ನ ಏನು ತಡೀತಿದೆ ಅಂತ ಗೊತ್ತಾದ್ರೆ ಏನಾದ್ರೂ ಮಾಡಬಹುದು,” ಎಂದಳು. “ಕೂತ್ರೆ ಮಾತ್ರ ಕೂತೇ ಹೋಗ್ತೀರಿ. ಅಂಗಡಿ ಏಣಿ ಮರೆತುಬಿಡಿ ಆಮೇಲೆ.”

ಸುಸ್ತು ಎಂದಳು ಅವಳು. ಫಿಸಿಯೋ ತಲೆಯಾಡಿಸಿದಳು.

ಶಾಲೆಗಳು ತೆರೆಯುವ ಕಾಲ ಹತ್ತಿರ ಬಂತು. ಶೂ ಅಂಗಡಿಗೆ ವರ್ಷದ ಸುಗ್ಗಿಯೇ ಅದು. ಮಾಲೀಕರು ಮನೆಗೆ ಬಂದರು, ಲಿಫ್ಟಿನಲ್ಲೇ. ಅತ್ತಿಗೆ ಕೊಟ್ಟ ಹಣ್ಣಿನ ರಸ ಕುಡಿದು, ಗಂಟಲು ಸರಿಪಡಿಸಿಕೊಂಡು, ಬಂದ ವಿಷಯ ಹೇಳಿದರು. ನಂಬರಕ್ಕ ಇಲ್ಲದೆ ಅಂಗಡಿ ಅಂಗಡಿಯಾಗಿಲ್ಲ. ಆದರೆ ಏಣಿ ಹತ್ತಲು ಆಗುತ್ತದೋ ಇಲ್ಲವೋ ಎಂದು ಕಾಯುತ್ತ ಕೂರಲು ಅವರಿಂದಾಗದು. ಅವಳ ಜಾಗಕ್ಕೆ ಒಬ್ಬ ಹೆಂಗಸನ್ನು ಸದ್ಯಕ್ಕೆ ಇಟ್ಟುಕೊಂಡಿದ್ದಾರೆ. ಬಿಲ್ಲು ಹಾಕುವ ಕುರ್ಚಿ ಖಾಲಿಯಾಗುತ್ತಿದೆ, ಮೆತ್ತನೆಯ ಕುರ್ಚಿ, ಪಕ್ಕದಲ್ಲೇ ಫ್ಯಾನು. ಏಳುವುದೇ ಬೇಡ. ಅವಳು ಅದನ್ನು ಒಪ್ಪಿಕೊಂಡರೆ ಆ ಹೆಂಗಸು ಏಣಿಯ ಕೆಲಸಕ್ಕೆ ಖಾಯಂ. ವಾರದ ಕೊನೆಗೆ ಹೇಳಿದರೆ ಸಾಕು.

ಗಂಡನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅತ್ತಿಗೆ ಮಾಲೀಕರಿಗೆ ಇನ್ನೊಂದು ಲೋಟ ತಂದಳು. ಮೂವರೂ ತನ್ನ ಕಡೆ ನೋಡಿದಾಗ ಅವಳು ಆಯಿತು, ಒಮ್ಮೆ ಬಂದು ನೋಡುತ್ತೇನೆ ಎಂದಳು. ಕುರ್ಚಿ ಬೇಕೋ ಬೇಡವೋ ಎಂದು ತನ್ನೊಳಗೆ ಹುಡುಕಿದಳು. ಉತ್ತರ ಸಿಗಲಿಲ್ಲ. ಒಂದು ಮಾತ್ರ ಗೊತ್ತಿತ್ತು. ಆ ಕುರ್ಚಿಯಲ್ಲಿ ಒಮ್ಮೆ ಕೂತರೆ ಅವಳನ್ನು ಎಬ್ಬಿಸುವವರು ಈ ಭೂಮಿಯ ಮೇಲೆ ಯಾರೂ ಇರುವುದಿಲ್ಲ, ಎಲ್ಲರೂ ಅಷ್ಟು ಒಳ್ಳೆಯವರು.

ಎರಡು ದಿನ ಬಿಟ್ಟು ಅಂಗಡಿಗೆ ಹೋದಳು. ಹೊಸ ತೊಗಲಿನ ವಾಸನೆ, ಅಂಟಿನ ವಾಸನೆ, ಎಲ್ಲ ಹಾಗೇ ಇತ್ತು. ಮಾಲೀಕರು ಕುರ್ಚಿಯ ಧೂಳು ಒರೆಸಿ ಕೂರಿಸಿದರು. ನಿಜಕ್ಕೂ ಮೆತ್ತಗಿತ್ತು. ಅಲ್ಲಿಂದ ನೋಡಿದರೆ ಗಿರಾಕಿಗಳ ಕಾಲು ಕಾಣುವುದಿಲ್ಲ, ಮುಖ ಮಾತ್ರ ಕಾಣುತ್ತದೆ. ಮುಖಗಳನ್ನು ಅವಳು ಯಾವತ್ತೂ ಅಷ್ಟು ಗಮನಿಸಿದವಳಲ್ಲ.

ಹೊಸ ಹೆಂಗಸು ವಯಸ್ಸಾದ ಗಿರಾಕಿಯೊಬ್ಬರಿಗೆ ಶೂ ತೊಡಿಸುತ್ತಿದ್ದಳು. ಬಿಗಿ ಎಂದರು ಅವರು. ಒಂದು ನಂಬರು ದೊಡ್ಡದು ತರಲು ಅವಳು ಏಣಿಯ ಕಡೆ ಹೊರಟಾಗ ಕುರ್ಚಿಯಿಂದ ಮಾತು ತಾನಾಗಿ ಹೊರಬಂತು.

“ನಂಬರ್ ಸರಿಯಾಗೇ ಇದೆ. ಕೈ ಹಾಕಿ ನೋಡು.”

ಹೊಸ ಹೆಂಗಸು ಕೈ ಹಾಕಿದಳು. ಕಾಗದದ ಉಂಡೆ ಬಂತು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಮಾಲೀಕರು ಹೆಮ್ಮೆಯಿಂದ ಸುತ್ತ ನೋಡಿದರು. ಹೊಸ ಹೆಂಗಸು ಮುಖ ಕೆಂಪಾಗಿ, ಕ್ಷಮಿಸಿ ಎಂದಳು. ವಯಸ್ಸಾದವರು ಪಾಪ, ಅವಳಿಗೇ ಸಮಾಧಾನ ಹೇಳಿದರು.

“ಇರಲಿ ಬಿಡಮ್ಮ. ನೀನು ಮರೆತ್ರೂ ಕಾಲಿಗೆ ಗೊತ್ತಾಗತ್ತಲ್ಲ.”

ಅದರಲ್ಲಿ ನೋಯುವಂಥದ್ದು ಏನೂ ಇರಲಿಲ್ಲ. ನಂಬರಕ್ಕ ಮಾತ್ರ ಬಿಲ್ಲಿನ ಯಂತ್ರದ ಮೇಲೆ ಕೈಯಿಟ್ಟುಕೊಂಡು ಕೂತಳು. ಗಿರಾಕಿಗಳು ಕಡಿಮೆಯಾದ ಹೊತ್ತಿನಲ್ಲಿ ಎದ್ದು ಏಣಿಯ ಹತ್ತಿರ ಹೋದಳು. ಕಂಬಿ ಹಿಡಿದಳು. ಮೊದಲ ಮೆಟ್ಟಿಲಿನ ಮೇಲೆ ಬಲಗಾಲಿಟ್ಟಳು. ಇಟ್ಟಳೋ ಇಲ್ಲವೋ ಕಾಲು ಹೇಳಲಿಲ್ಲ. ಕೆಳಗೆ ಬಗ್ಗಿ ನೋಡಲು ಅಷ್ಟು ಜನರ ಮುಂದೆ ಮನಸ್ಸಾಗಲಿಲ್ಲ. ತನ್ನ ಏಣಿಯನ್ನು ತಾನು ನೋಡಿಕೊಂಡು ಹತ್ತುವುದೇ? ಕಾಲು ತೆಗೆದಳು. ತಿರುಗಿದಾಗ ಮಾಲೀಕರು ಪಕ್ಕನೆ ಮುಖವನ್ನು ಬೀದಿಯ ಕಡೆ ಹೊರಳಿಸಿಕೊಂಡರು. ಅವರು ನೋಡಿದ್ದರು.

ಸಂಜೆ ಕಟ್ಟಡದ ಕೆಳಗೆ ಗಂಡ ಎಂದಿನಂತೆ ಲಿಫ್ಟಿನ ಬಾಗಿಲನ್ನು ಭುಜದಿಂದ ತಡೆದು ನಿಂತಿದ್ದ. ಕುರ್ಚಿ ಹೇಗಿದೆ ಎಂದು ಕೇಳಿದ. ಮೆತ್ತಗಿದೆ ಎಂದಳು. ಒಳಗೆ ಹೋಗಲಿಲ್ಲ. ಬಾಗಿಲು ಮುಚ್ಚಲು ಬಂದು ಅವನ ಭುಜಕ್ಕೆ ತಗುಲಿ ಹಿಂದೆ ಹೋಯಿತು, ಮತ್ತೆ ಬಂತು.

“ರೀ, ಆವತ್ತು ಬೆರಳು ಮಂಚಕ್ಕೆ ತಗುಲಿದ್ದಲ್ಲ,” ಎಂದಳು.

ಅಲ್ಲೇ ನಿಂತು ಎಲ್ಲ ಹೇಳಿದಳು. ಕದ್ದು ಹೋದದ್ದು, ಬೀದಿ ಸುತ್ತಿದ್ದು, ಚೀಲ ಕೆಂಪಾದದ್ದು, ಕಾಗದ, ಇವತ್ತು ಏಣಿಯ ಮೇಲೆ ಕಾಲನ್ನು ನೋಡಿಕೊಂಡು ಇಡಲು ನಾಚಿಕೆಯಾದದ್ದು. ಬೇರೆ ಯಾರದೋ ಕಾಲಿನ ವಿಷಯ ಹೇಳುವ ಹಾಗೆ ಒಂದೇ ದನಿಯಲ್ಲಿ ಹೇಳಿದಳು. ಅವನು ನಗುತ್ತಾನೆ, ಇಲ್ಲವೇ ಇನ್ನು ಮೇಲೆ ಹಾಸಿಗೆಯಿಂದಲೇ ಇಳಿಯಬೇಡ ಎನ್ನುತ್ತಾನೆ ಎಂದುಕೊಂಡಿದ್ದಳು. ಬಾಗಿಲು ಇನ್ನೊಂದು ಸಲ ಅವನ ಭುಜಕ್ಕೆ ಬಡಿಯಿತು.

“ಹಾಗಾದ್ರೆ ಮಂಚದ್ದೇನೂ ತಪ್ಪಿರಲಿಲ್ಲ,” ಎಂದ.

“ಇರಲಿಲ್ಲ.”

ಅವನು ತನ್ನ ಕೈಗಳನ್ನೇ ನೋಡಿಕೊಂಡ. ಎಷ್ಟು ತಿಕ್ಕಿದರೂ ಹೋಗದ ಗ್ರೀಸು ಉಗುರಿನ ಸಂದಿಯಲ್ಲಿ ಕಪ್ಪಗಿತ್ತು.

“ಲಿಫ್ಟಿನ ನೆತ್ತಿ ಮೇಲೆ ಇಳೀಬೇಕಾದ್ರೆ ನಾನೂ ಕಾಲನ್ನ ನಂಬಲ್ಲ ಕಣೇ. ಒಳಗೆ ಕತ್ತಲೆ ಇರತ್ತೆ. ಟಾರ್ಚ್ ಬಿಟ್ಟು, ನೋಡಿ, ಆಮೇಲೇ ಇಡೋದು. ಇಷ್ಟು ವರ್ಷ ಆದ್ರೂ ಹಾಗೇ. ಅದ್ರಲ್ಲಿ ನಾಚಿಕೆ ಏನು ಬಂತು?”

ಅವನು ಬಾಗಿಲಿನಿಂದ ಭುಜ ತೆಗೆದ. ಲಿಫ್ಟು ಮುಚ್ಚಿಕೊಂಡಿತು. ಸೊಂಟದ ಗೊಂಚಲಿನಿಂದ ಒಂದು ಕೀಲಿ ಹುಡುಕಿ ಗೋಡೆಯ ಪೆಟ್ಟಿಗೆ ತೆರೆದು ತಿರುಗಿಸಿದ. ಗುಂಡಿಯ ಮೇಲಿನ ಕೆಂಪು ದೀಪ ಆರಿತು. ಚೀಲದಿಂದ ಹಳದಿ ಫಲಕ ತೆಗೆದು ಪೆಟ್ಟಿಗೆಯ ಹಿಡಿಕೆಗೆ ತೂಗುಹಾಕಿದ. ‘ರಿಪೇರಿ ನಡೆಯುತ್ತಿದೆ’ ಎಂದಿತ್ತು. ಚೆನ್ನಾಗಿರುವ ಲಿಫ್ಟಿಗೆ ಅವನು ಆ ಫಲಕ ಹಾಕಿದ್ದು ಜೀವಮಾನದಲ್ಲಿ ಅದೇ ಮೊದಲು.

“ಇದೇನ್ರೀ, ಮೇಲಿನವರು ಬೈತಾರೆ,” ಎಂದಳು.

“ಬೈಲಿ. ನಾವು ಮನೆ ಸೇರಿದ ಮೇಲೆ ಬಂದು ತೆಗೀತೀನಿ. ನೀನು ನೋಡ್ಕೊಂಡು ಹತ್ತು, ನಾನು ಹಿಂದೆ ಇರ್ತೀನಿ.”

ಹತ್ತಿದರು. ಅವಳು ಕೈಕಂಬಿ ಹಿಡಿದು ಪ್ರತಿ ಹೆಜ್ಜೆಯನ್ನೂ ಕಣ್ಣಲ್ಲಿ ಇಟ್ಟಳು. ಅವನು ಒಂದು ಮೆಟ್ಟಿಲು ಕೆಳಗೆ ಎರಡೂ ಕೈ ಚಾಚಿಕೊಂಡು ಬರುತ್ತಿದ್ದ, ಕೋಳಿ ಹಿಡಿಯುವವನ ಹಾಗೆ. ಪ್ರತಿ ತಿರುವಿನಲ್ಲೂ ನಿಂತರು. ಎರಡನೇ ಮಹಡಿಯವರು ಇಳಿದು ಬರುತ್ತ ಲಿಫ್ಟಿಗೇನಾಯಿತು ಎಂದು ಕೇಳಿದರು. ನೋಡ್ತಾ ಇದೀನಿ ಸಾರ್, ನೋಡ್ತಾ ಇದೀನಿ ಎಂದ ಅವನು, ಅವಳ ಕಾಲಿನಿಂದ ಕಣ್ಣು ಕೀಳದೆ. ಮೇಲೆ ತಲುಪಿದಾಗ ಅವಳ ತೊಡೆ ನಡುಗುತ್ತಿತ್ತು. ಬಾಗಿಲು ತೆಗೆದ ಅತ್ತಿಗೆ ಇಬ್ಬರ ಬೆವರು ನೋಡಿ ಎದೆ ಹಿಡಿದುಕೊಂಡಳು. ತಮ್ಮನಿಗೆ ಸರಿಯಾಗಿ ಬೈದಳು. ಅವನು ಬೈಸಿಕೊಂಡು, ನೀರು ಕುಡಿದು, ಫಲಕ ತೆಗೆಯಲು ಮತ್ತೆ ಕೆಳಗಿಳಿದು ಹೋದ.

ಮರುದಿನ ಬೆಳಿಗ್ಗೆ ಅವಳು ಏಳುವ ಹೊತ್ತಿಗೆ ಮಂಚದ ಕೆಳಗಿನ ಡಬ್ಬ ಬಾಗಿಲ ಹತ್ತಿರ ಬಂದಿತ್ತು. ಗಂಡ ಹೊಸ್ತಿಲ ಮೇಲೆ ಕೂತಿದ್ದ. ಎಡಗಾಲಿನ ಶೂ ಒಳಗೆ ಕೈ ಹಾಕಿ ತಡಕಾಡಿ, ಏನೂ ಇಲ್ಲ ಎಂದು ಅವಳ ಮುಂದಿಟ್ಟ. ಬಲಗಾಲಿನದಕ್ಕೂ ಕೈ ಹಾಕಿದ.

“ಇದ್ರಲ್ಲೂ ಏನೂ ಇಲ್ಲ.”

ಅವಳು ಶೂ ಇಸಿದುಕೊಂಡಳು. ಅಂಗಡಿಯಲ್ಲಿ ಎಷ್ಟು ಹಳಬರಾದರೂ ಇನ್ನೊಬ್ಬರ ಕೈಯನ್ನು ಅವಳು ನಂಬಿದವಳಲ್ಲ. ತನ್ನ ಕೈ ಹಾಕಿ, ಬೆರಳು ಮಡಿಸಿ, ತುದಿಯ ಮೂಲೆಯವರೆಗೂ ಹೋದಳು. ಬೆರಳ ತುದಿಗೆ ಈಗ ಸ್ಪರ್ಶ ಬಂದಿತ್ತು, ಪೂರ್ತಿಯಲ್ಲ, ಸಾಕಾಗುವಷ್ಟು.

“ಇದೆ,” ಎಂದಳು.

ಅವನು ಮತ್ತೆ ಕೈ ಹಾಕಿದ. “ನಂಗೇನೂ ಸಿಗ್ತಿಲ್ಲ.”

“ಹಾಗಲ್ಲ. ತುದಿವರೆಗೂ ಹೋಗ್ಬೇಕು.”

ಅವನ ಮಣಿಕಟ್ಟು ಹಿಡಿದು ಒಳಗೆ ತಳ್ಳಿದಳು. ಮೇಲಿನಿಂದ ಒತ್ತಿ ಅವನ ಬೆರಳನ್ನು ಸರಿಯಾದ ಜಾಗಕ್ಕೆ ತಂದಳು. ಒಳಗಿನ ಮೆತ್ತನೆಯ ಬಟ್ಟೆಯ ಮೇಲೆ ಅಲ್ಲೊಂದು ಕಡೆ ಒರಟು ತೇಪೆ, ಒಣಗಿ ಹಪ್ಪಳದ ಹಾಗೆ ಗಟ್ಟಿಯಾದದ್ದು. ಚೀಲ ತೊಳೆದಿದ್ದಳು, ಶೂ ತೊಳೆದಿರಲಿಲ್ಲ.

“ಏನಿದು?” ಎಂದು ಕೇಳಿದ. ಕೇಳಿ ಮುಗಿಯುವ ಮೊದಲೇ ಅವನಿಗೆ ತಿಳಿಯಿತು.

ಆಪರೇಷನ್ನಿನ ದಿನ ಅಳದವನು, ಅವಳ ತಲೆಗೂದಲು ದಿಂಬಿನ ಮೇಲೆ ಕಂತೆಯಾಗಿ ಬಿದ್ದಾಗ ತಮಾಷೆ ಮಾಡಿ ನಗಿಸಲು ನೋಡಿದವನು, ಶೂ ಒಳಗೆ ಕೈಯಿಟ್ಟುಕೊಂಡು ಹೊಸ್ತಿಲ ಮೇಲೆ ಕೂತು ಅತ್ತ. ಸದ್ದು ಮಾಡದೆ, ಭುಜ ಕುಣಿಸಿಕೊಂಡು, ಬಹಳ ಹೊತ್ತು ಅತ್ತ. ಅಡುಗೆಮನೆಯಿಂದ ಬಂದ ಅತ್ತಿಗೆ ಏನೂ ಕೇಳದೆ ಹಿಂದೆ ಸರಿದಳು.

ಅವಳು ನೋಡುತ್ತ ನಿಂತಳು. ಅವಳಿಗೆ ಅಳು ಬರಲಿಲ್ಲ. ಬರುತ್ತದೇನೋ ಎಂದು ಕಾದು ನೋಡಿದಳು, ಇಲ್ಲ. ಅವನ ತಲೆಯ ಮೇಲೆ ಕೈಯಿಟ್ಟಳು. ಕೂದಲು ಬೆಚ್ಚಗಿತ್ತು, ಸ್ನಾನ ಮಾಡಿ ಇನ್ನೂ ಒದ್ದೆ ಆರಿರಲಿಲ್ಲ. ಅದು ಅವಳ ಅಂಗೈಗೆ ಗೊತ್ತಾಯಿತು.

“ಏಳಿ,” ಎಂದಳು. “ಬಿಸಿಲು ಏರೋದ್ರೊಳಗೆ ಹೋಗಿ ಬರೋಣ.”

ಅವನು ತೋಳಿನಿಂದ ಮುಖ ಒರೆಸಿಕೊಂಡು ಒದ್ದೆ ಬಟ್ಟೆ ತಂದ. ಶೂ ಒಳಗೆ ಉಜ್ಜಿ ತೆಗೆದ. ಅವಳು ಮತ್ತೊಮ್ಮೆ ಕೈ ಹಾಕಿ ನೋಡಿ, ಒಪ್ಪಿ, ತೊಟ್ಟುಕೊಂಡಳು. ಲಿಫ್ಟು ನಾಲ್ಕನೇ ಮಹಡಿಯಲ್ಲೇ ದೀಪ ಹೊತ್ತಿಸಿಕೊಂಡು ನಿಂತಿತ್ತು. ಅದನ್ನು ದಾಟಿ ಮೆಟ್ಟಿಲ ಕಡೆ ನಡೆದರು. ಈ ಸಲ ಅವನು ಮುಂದೆ ಇಳಿದು, ತಿರುಗಿ ನಿಂತ.

“ಮಾಲೀಕರಿಗೆ ಫೋನ್ ಮಾಡ್ಬೇಕು,” ಎಂದಳು ಅವಳು, ಕಂಬಿ ಹಿಡಿದು. “ಆ ಕುರ್ಚಿ ಬೇರೆ ಯಾರಿಗಾದ್ರೂ ಕೊಡ್ಲಿ.”

“ಏಣಿ ಹತ್ತೋಕೆ ಆಗ್ದೇ ಹೋದ್ರೆ?”

“ಆಗ್ದಿದ್ರೆ ನಾನೇ ಹೇಳ್ತೀನಿ. ಅವರು ಆ ಕಡೆ ತಿರುಗೋದು ಬೇಡ.”

ಬಲಗಾಲನ್ನು ಮೊದಲ ಮೆಟ್ಟಿಲಿಗೆ ಇಳಿಸಿದಳು. ಇಳಿಯಿತೋ ಇಲ್ಲವೋ ಕಾಲು ಹೇಳಲಿಲ್ಲ. ಬಗ್ಗಿ ನೋಡಿದಳು. ಇಳಿದಿತ್ತು. ಎಡಗಾಲನ್ನು ಎತ್ತಿದಳು.